ಚೀಟಿ ನಂಬದ ನವ್ಯಶ್ರೀ

ನವ್ಯಶ್ರೀ ಯಾವ ಸೀಸೆಯ ಮೇಲಿನ ಚೀಟಿಯನ್ನೂ ನಂಬುವುದಿಲ್ಲ. ಹೊಂಗಡಹಳ್ಳದ ತಾಯಿಮನೆಯಲ್ಲಿ ಉಪ್ಪಿನ ಡಬ್ಬಿಗೂ ತಾವೇ ಹೆಸರು, ತಾರೀಕು ಬರೆದು ಅಂಟಿಸುತ್ತಾರೆ; ಮರುದಿನ ಅದೇ ಡಬ್ಬಿಯ ಚೀಟಿ ಓದಿ, ಮುಚ್ಚಳ ತೆಗೆದು, ಒಂದು ಹರಳು ನಾಲಿಗೆಗಿಟ್ಟು ನೋಡಿದ ಮೇಲೆಯೇ ಸಾರಿಗೆ ಹಾಕುತ್ತಾರೆ. "ನೀನೇ ಬರ್ದಿದ್ದಲ್ವೇನೇ?" ಎಂದು ತಾಯಿ ಮೀನಾಕ್ಷಮ್ಮ ರೇಗಿದರೆ, "ಅದ್ಕೇ ಕಣಮ್ಮ ಅನುಮಾನ" ಎನ್ನುತ್ತಾರೆ.

ನಲವತ್ತೊಂದರ ಹೆಂಗಸು. ತಲೆ ತಗ್ಗಿಸಿ, ಬಸ್ಸು ತಪ್ಪಿಹೋಗುವುದೇನೋ ಎಂಬಂತೆ ನಡಿಗೆ. ಮೊಣಕೈ ಸವೆದ ಬೂದುಬಣ್ಣದ ಸ್ವೆಟರಿನ ಜೇಬಿನಲ್ಲಿ ಸದಾ ಒಂದು ಸಣ್ಣ ಟಾರ್ಚು. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಬಾಯಿಯ ಕ್ಯಾನ್ಸರನ್ನು ಅಭ್ಯಸಿಸುವವರು. 'ಬೆಳೆದದ್ದು ಸಾಕು, ನಿಲ್ಲು' ಎಂಬ ಸಂಕೇತ ಜೀವಕೋಶದ ಒಳಗೆ ಹೇಗೆ ತಲುಪುತ್ತದೆ, ಆ ರೋಗದಲ್ಲಿ ಅದು ಎಲ್ಲಿ ಕಡಿದುಹೋಗುತ್ತದೆ ಎಂಬ ಅವರ ಪ್ರಬಂಧ ಏಳು ವರ್ಷದ ಹಿಂದೆ ವಿದೇಶದ ಪತ್ರಿಕೆಯಲ್ಲಿ ಅಚ್ಚಾಗಿ, ಹಲವರು ಅದನ್ನು ಆಧಾರವಾಗಿಟ್ಟುಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಹಾನುಬಾಳಿನಲ್ಲಿ ಬಸ್ಸಿಳಿದು, ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆಗಳಾದ ಲೈನುಗಳಿಗೆ ನಡೆದು, ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವ ಹೆಂಗಸರ ಬಾಯಿ ನೋಡುತ್ತಿದ್ದರು. "ನಾನು ಡಾಕ್ಟ್ರಲ್ಲ ಕಣವ್ವ. ಬಿಳೀ ಮಚ್ಚೆ, ಕೆಂಪು ಮಚ್ಚೆ ಕಂಡ್ರೆ ಹಾಸನಕ್ಕೆ ಹೋಗು ಅಂತೀನಿ, ಅಷ್ಟೇ."

ಕಳೆದ ಕಾರ್ತಿಕದಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ನಿಘಂಟು ಹಿಡಿದು ಇಂಗ್ಲಿಷ್ ಕಲಿತ ನನಗೆ, ದೊಡ್ಡವರು ಮುಚ್ಚಿಟ್ಟದ್ದನ್ನು ಅಗೆದು ತೆಗೆಯುತ್ತೇನೆಂಬ ಜಂಬ. ಇಂಟರ್ನೆಟ್ಟಿನಲ್ಲಿ ಪ್ರಬಂಧದ ನೆತ್ತಿಯ ಮೇಲಿದ್ದ 'ಹಿಂತೆಗೆದುಕೊಳ್ಳಲಾಗಿದೆ' ಎಂಬ ಆ ಒಂದು ಕೆಂಪು ಪದವನ್ನು ನೋಡಿದೆ. 'ಸುಳ್ಳಿನ ಸಂಶೋಧಕಿ' ಎಂದು ಪತ್ರಿಕೆಯ ಈ ಅಂಕಣದಲ್ಲೇ ಬರೆದೆ. ಅವರ ಫೋನ್ ನಂಬರ್ ನನ್ನ ಬಳಿ ಇತ್ತು. ಮಾಡಲಿಲ್ಲ.

ಮೂರು ತಿಂಗಳಾದ ಮೇಲೆ ಕಾಲೇಜಿನ ಮೇಷ್ಟ್ರು ನವೀನ್‌ಕುಮಾರ್ ಪೇಟೆಯಲ್ಲಿ ಅಡ್ಡ ಹಾಕಿದರು. "ಆ ಕೆಂಪು ಪದದ ಕೆಳಗಿನ ನಾಲ್ಕು ಸಾಲು ಓದಿದ್ರೇನ್ರೀ?" ಓದಿರಲಿಲ್ಲ. ಅಲ್ಲೇ ನಿಂತು ಓದಿಸಿದರು. ಬೇರೊಂದು ಪ್ರಯೋಗಾಲಯದಿಂದ 'ಬಾಯಿಯ ಕ್ಯಾನ್ಸರ್' ಎಂಬ ಚೀಟಿ ಹೊತ್ತು ಬಂದ ಜೀವಕೋಶಗಳು ಬಾಯಿಯವೇ ಆಗಿರಲಿಲ್ಲ. ಅದನ್ನು ಪರೀಕ್ಷಿಸಿ ಕಂಡುಹಿಡಿದವರೂ, ಪ್ರಬಂಧ ತೆಗೆದುಹಾಕಿ ಎಂದು ಪತ್ರಿಕೆಗೆ ಬರೆದವರೂ ಸ್ವತಃ ನವ್ಯಶ್ರೀ. ಯಾರೂ ಅನುಮಾನಪಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆ ಶನಿವಾರ ಹೊಂಗಡಹಳ್ಳಕ್ಕೆ ಹೋದೆ. ನಿಂಬೆ ಉಪ್ಪಿನಕಾಯಿ ಜಾಡಿಗೆ ತಾರೀಕು ಬರೆಯುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಕ್ಷಮಾಪಣೆಯನ್ನು ಅರ್ಧಕ್ಕೇ ತಡೆದರು.

"ನನ್ನ ಹೆಸ್ರು ಬಿಡಿ ಮಾರಾಯ್ರೆ. ಲೈನಿನೋರು ಬಾಯಿ ತೋರಿಸ್ತಿಲ್ಲ. ಮಾದಮ್ಮನ ಕೆನ್ನೇಲಿ ಏನೋ ಐತೆ, ಅವಳು ಮಾತಾಡೋದ್ರಲ್ಲೇ ಗೊತ್ತಾಗ್ತದೆ. ಬನ್ನಿ, ಅಲ್ಲಿ ಹೇಳಿ."

ಹೋದೆವು. ಮೂವತ್ತು ವರ್ಷದಿಂದ ಕಾಫಿ ಕುಯ್ಯುತ್ತಿರುವ ಮಾದಮ್ಮ ಲೈನಿನ ಜಗಲಿಯ ಮೇಲೆ ಕೂತಿದ್ದಳು. ಸುತ್ತ ಏಳೆಂಟು ಹೆಂಗಸರು. ನಾನು ಬರೆದದ್ದು ತಪ್ಪು, ಈಯಮ್ಮ ಸುಳ್ಳು ಹೇಳಿದವರಲ್ಲ ಎಂದೆ.

"ಓಹೋ, ಪೇಪರ್ ಸ್ವಾಮ್ಯೋರು! ಅವತ್ತು ಹಾಜ್ರಿ ಬರ್ಯೋ ರೈಟರು ನೀವ್ ಬರ್ದಿದ್ನ ಓದಿ ಯೋಳಿದ್ರು. ಇವತ್ತು ಅದು ತಪ್ಪು ಅಂತೀರಿ. ಯಾವ್ದ ನಂಬನ? ಮೊದ್ಲು ನೀವ್ ತೆಗೀರಿ ಬಾಯ, ನಾವೂ ನೋಡನ."

ಮಾದಮ್ಮನ ಮಾತಿಗೆ ಹೆಂಗಸರು ಬಿದ್ದುಬಿದ್ದು ನಕ್ಕರು. ಇಪ್ಪತ್ತು ವರ್ಷ ಎಲೆಯಡಿಕೆ ಅರೆದ ಬಾಯನ್ನು ತೆರೆದೆ. ನವ್ಯಶ್ರೀ ಟಾರ್ಚು ಹಾಕಿ, ಯಾರದೋ ಬಾಯಿ ನೋಡುವಂತೆ, ಅಷ್ಟೇ ನಿಧಾನವಾಗಿ, ನಾಲಿಗೆಯಡಿಯವರೆಗೂ ನೋಡಿದರು. ಆ ಬೆರಳುಗಳಲ್ಲಿ ನನ್ನ ಮೇಲೆ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಸದ್ಯಕ್ಕೆ ಏನೂ ಕಾಣಿಸ್ತಿಲ್ಲ. ಎಲೆಯಡಿಕೆ ಬಿಡಿ" ಎಂದು, ಟಾರ್ಚನ್ನು ನನ್ನ ಕೈಗೇ ಕೊಟ್ಟರು. ಮಾದಮ್ಮ ಬಾಯಿ ತೆರೆದಳು.

ಎಡಗೆನ್ನೆಯ ಒಳಗೆ ಬಿಳಿಯ ಮಚ್ಚೆ, ಅಂಚು ಕೆಂಪಗೆ ಉಬ್ಬಿತ್ತು.

"ಯಾವಾಗಿಂದವ್ವ?" ನವ್ಯಶ್ರೀ ಕೇಳಿದರು.

"ಕಾಪಿ ಕುಯ್ಲು ಸುರುವಾದಾಗ ಮೆಣಸಿನ ಕಾಳಷ್ಟಿತ್ತು. ನಿಮ್ಗೇ ತೋರ್ಸನ ಅಂತಿದ್ದೆ ಕಣವ್ವ. ಅಷ್ಟ್ರಲ್ಲಿ ಇವ್ರ ಪೇಪರ್ ಬಂದ್ಬುಡ್ತಲ್ಲ."

ಟಾರ್ಚು ಆರಿಸಿ ನವ್ಯಶ್ರೀಯವರಿಗೆ ವಾಪಸು ಕೊಟ್ಟೆ.

ಮಾದಮ್ಮ ಈಗ ಹಾಸನದ ಆಸ್ಪತ್ರೆಯಲ್ಲಿದ್ದಾಳೆ. ಕೆನ್ನೆಯ ಒಳಭಾಗ ತೆಗೆದಿದ್ದಾರೆ, ಗಂಜಿಯ ಮೇಲಿದ್ದಾಳೆ. ಮೂರು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ತೆಗೆಯಬೇಕಾಗುತ್ತಿತ್ತೇ ಎಂದು ನವ್ಯಶ್ರೀಯವರನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಎದುರಿಗಿದ್ದವನ ಸಮಾಧಾನಕ್ಕೂ ಗೊತ್ತಿಲ್ಲದ್ದನ್ನು ಹೇಳುವವರಲ್ಲ.

ಸುಳ್ಳು ಬರೆದ ಜಾಗದಲ್ಲೇ ಇದನ್ನೂ ಬರೆಯುತ್ತಿದ್ದೇನೆ. ಯಾರೂ ಕೇಳದೆ ತಮ್ಮ ತಪ್ಪನ್ನು ತಾವೇ ತಂದು ಬೀದಿಯಲ್ಲಿಡುವ ಈ ಬಗೆಯ ಜನ ನಮ್ಮ ಕಣ್ಣಿಗೆ ಕಳ್ಳರಂತೆ ಕಾಣುತ್ತಾರೆ. ತಪ್ಪೊಪ್ಪಿದವರೆಲ್ಲ ಸಿಕ್ಕಿಬಿದ್ದವರೇ ಎಂದು ತಿಳಿದು ನಮಗೆ ರೂಢಿ. ನಾವು ಏನೇ ಬರೆದರೂ ಅವರು ಮುಂದಿನ ಶನಿವಾರ ಮತ್ತೆ ಬಸ್ಸಿಳಿದು ಬರುತ್ತಾರೆ. ಅವರನ್ನು ನಂಬಿ ಬಾಯಿ ತೆರೆಯಬೇಕಾದವರು ಮಾತ್ರ ಅಷ್ಟರಲ್ಲಿ ಕೆನ್ನೆ ಕಳೆದುಕೊಂಡಿರುತ್ತಾರೆ.