ಪೇಪರಿನಲ್ಲಿ ಸತ್ತ ಅಂದಾನಪ್ಪ

"ಎತ್ತಬ್ಯಾಡ್ರಿ! ಅಂದಾನಪ್ಪಣ್ಣ ಬರೂತನಕ ಎತ್ತಬ್ಯಾಡ್ರಿ!"

ಶವವಿದ್ದ ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ್ದವರು ಹಾಗೇ ನಿಂತರು. ಬಾಗಿಲ ಹಿಂದಿನಿಂದ ಕೂಗಿದವಳು ಜನ್ನತಬಿ, ತೀರಿಕೊಂಡ ಖಾಸಿಂಸಾಬನ ಹೆಂಡತಿ. ಬೆಟಗೇರಿಯ ಆ ಓಣಿ ಅವಳ ದನಿಯನ್ನು ಇಷ್ಟು ಜೋರಾಗಿ ಕೇಳಿದ್ದೇ ಇಲ್ಲ.

"ಭಾಬಿ, ನಮಾಜಿಗೆ ಹೊತ್ತಾಕ್ಕತಿ," ಎಂದ ಮೈದುನ ಮಹಬೂಬಸಾಬ.

"ಆಗ್ಲಿ. ನಮ್ಮ ಮನಿಯವ್ರು ಕಡೀತನಕ ಅದನ್ನ ಹಲುಬಿದ್ರು. ಮನಷ್ಯಾಗ ಮಾಡಿದ ತಪ್ಪು ಆ ಮನಷ್ಯಾನ ಮಾಫ್ ಮಾಡಬೇಕಂತ. ಅಂದಾನಪ್ಪಣ್ಣ ಮಾಡೇನಿ ಅನ್ನೂತನಕ ನಾ ಹೆಂಗ ಕಳಸ್ಲಿ?"

ಅಂದಾನಪ್ಪ ಎರಡು ಮನೆ ಆಚೆಯ ನೇಕಾರ. ಕರೆಯಲು ಹೋದವರಿಗೆ ಅವನು ಬಾಗಿಲನ್ನೇ ತೆರೆದಿರಲಿಲ್ಲ.

*

ಖಾಸಿಂಸಾಬ ಪೇಪರಿನ ಫೋಟೋಗ್ರಾಫರ್. ಮುಂಡರಗಿ ಕಡೆ ಹೊಳೆ ಬಂತು, ಶಿರಹಟ್ಟಿ ಹತ್ತಿರ ಬಸ್ಸು ಉರುಳಿತು ಎಂದರೆ ಉಣ್ಣುವ ತಾಟು ಬಿಟ್ಟು ಓಡುವ ಆಸಾಮಿ. ತೆಗೆದ ರೋಲಿಗೆ ವಿವರದ ಚೀಟಿ ಸುತ್ತಿ ಸಂಜೆಯ ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ, ಬೆಳಿಗ್ಗೆ ಪೇಪರಿನಲ್ಲಿ ಚಿತ್ರ.

೧೯೭೫ರಲ್ಲಿ ಒಂದು ಸಂಜೆ ಎರಡು ರೋಲು ಹೋದವು. ಹೊಸ ನಮೂನೆಯ ಸೀರೆ ನೇಯ್ದ ಅಂದಾನಪ್ಪನದು ಒಂದು, ಲಕ್ಷ್ಮೇಶ್ವರದಲ್ಲಿ ತೀರಿಕೊಂಡ ವ್ಯಾಪಾರಿಯದು ಇನ್ನೊಂದು. ಬಸ್ಸು ಹೊರಟೇಬಿಟ್ಟಿತ್ತು; ಅವಸರದಲ್ಲಿ ಚೀಟಿಗಳು ಅದಲುಬದಲಾದವು.

ಚಿತ್ರದ ಕೆಳಗಿನ ವ್ಯಾಪಾರಿಯ ಹೆಸರನ್ನು ಯಾರು ಓದುತ್ತಾರೆ? ನಗುವ ಮುಖ ಅಂದಾನಪ್ಪನದು, ಮೇಲೆ ದಪ್ಪಕ್ಷರದಲ್ಲಿ 'ನಿಧನ'. ಬಾಳೆಹೊಸೂರಿನ ಬೀಗರು ಎದೆ ಬಡಿದುಕೊಳ್ಳುತ್ತಾ ಬಂದಿಳಿದಾಗ ಸತ್ತವನು ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಿದ್ದ! ಓಣಿಗೆ ಓಣಿಯೇ ನಕ್ಕಿತು. ಅವನ ತಾಯಿ ಹನಮಂತವ್ವ ಮಾತ್ರ ಗಾಬರಿಗೆ ಹಾಸಿಗೆ ಹಿಡಿದಳು.

"ಇನ್ನ ನನ್ನ ಹೊಸ್ತಲಾ ತುಳದಿ ಅಂದ್ರ ನೋಡ!" ಎಂದು ಅಂದಾನಪ್ಪ ಪೇಪರನ್ನು ಖಾಸಿಂಸಾಬನ ಮುಖಕ್ಕೆ ಎಸೆದ.

ಪಾಪ, ಖಾಸಿಂಸಾಬ ಆಮೇಲೂ ಹಬ್ಬಹಬ್ಬಕ್ಕೆ ಹೋಗಿ ಆ ಬಾಗಿಲು ತಟ್ಟುತ್ತಿದ್ದ. ತೆರೆಯುತ್ತಿರಲಿಲ್ಲ.

*

ಗುಂಪು ಸರಿದು ದಾರಿ ಕೊಟ್ಟಿತು. ಜನ್ನತಬಿಯ ಕೂಗು ಕೇಳಿ ಅಂದಾನಪ್ಪ ಬಂದಿದ್ದ. ಅತ್ತು ಅತ್ತು ಅವನ ಕಣ್ಣು ಬಾತಿದ್ದವು.

"ಅಣ್ಣಾರ, ಮಾಫ್ ಮಾಡೇನಿ ಅನ್ರಿ. ಒಂದ ಮಾತು," ಎಂದಳು ಜನ್ನತಬಿ.

"ಏನಂತ ಅನ್ಲಿ ತಂಗಿ? ತಲಿಗೆ ಕಾಗಿ ಬಡದ್ರ ಸಾವು ಬರ್ತೈತಿ ಅಂತ ನಾವು ಬೇಕಂತನ ಸುಳ್ಳು ಸಾವಿನ ಸುದ್ದಿ ಕಳಸಿ ಬೀಗರನ್ನ ಅಳಸ್ತೇವಿ, ಆಯುಷ್ಯ ಹೆಚ್ಚಲಿ ಅಂತ. ಈ ಪುಣ್ಯಾತ್ಮ ಕೇಳದನ ಜಿಲ್ಲಾಕ್ಕೆಲ್ಲಾ ಸುದ್ದಿ ಮಾಡಿದ. ಮುಂದ ಕಾಮಣಿ ಜಡ್ಡು ಬಂತು, ಬದುಕಿದೆ. ಮಗ್ಗದ ಮನಿ ಗ್ವಾಡಿ ಮೈಮ್ಯಾಲೆ ಬಿತ್ತು, ಬದುಕಿದೆ. 'ಆ ಸಾಬನಿಂದ ನೀ ಉಳದಿ, ಹೋಗಿ ಮಾತಾಡ್ಸು' ಅಂತ ನಮ್ಮವ್ವ ಸಾಯೂ ಮುಂದ ಹೇಳಿದ್ಲು. ನನ್ನ ಸುಡಗಾಡ ಸೊಕ್ಕು ಬಿಡಲಿಲ್ಲ." ಅವನು ಮೂಗು ಒರೆಸಿಕೊಂಡ. "ನಾ ಎಂದೋ ಮಾಫ್ ಮಾಡೇನವ್ವಾ. ಅಂವ ನನಗ ಮಾಡ್ಬೇಕಾಗಿತ್ತು."

"ಮಾಡ್ಯಾರ. ಖರೇನ ಮಾಡ್ಯಾರ್ರಿ ಅಣ್ಣಾರ." ಜನ್ನತಬಿ ಗೋಡೆಗೆ ಒರಗಿ ಕುಳಿತಳು. ಎದೆಯ ಮೇಲಿನ ಭಾರ ಇಳಿದು ಜೀವ ಹಗುರಾಯಿತು. "ಇನ್ನ ಎತ್ತರಿ. ನಿಶ್ಚಿಂತಿಲೆ ಹೋಗ್ಲಿ."

ಮುಂದಿನ ಬಲಗಡೆ ಅಂದಾನಪ್ಪ ಹೆಗಲು ಕೊಟ್ಟ. ಉಳಿದ ಮೂವರಿಗಿಂತ ಅವನು ಒಂದು ಗೇಣು ಎತ್ತರ, ಜನಾಜಾ ವಾಲಿತು. ಅವನು ಮಂಡಿ ಮಡಚಿದ, ಬೆನ್ನು ಬಗ್ಗಿಸಿದ, ಅದು ಮಟ್ಟಸವಾಯಿತು. ಖಬರಸ್ಥಾನದವರೆಗೂ ಅವನು ಹಾಗೇ ಕುಳ್ಳನಾಗಿ ನಡೆದ.