ಹೊನ್ನೂರನ ತೂಕ

ನಾನು ಮಕ್ಕಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ. ದುಂಡು ಮುಖ, ಒಂದು ಮುಳ್ಳು, ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ. ಹುಟ್ಟಿದ್ದು ದೂರದ ಕಾರ್ಖಾನೆಯೊಂದರಲ್ಲಿ, ನನ್ನಂಥವೇ ನೂರಾರು ಅಣ್ಣತಮ್ಮಂದಿರ ಜೊತೆ. ಅಲ್ಲಿ ಕಲಿಸಿದ್ದು ಒಂದೇ ಪಾಠ: ನೇತುಹಾಕಿದ್ದರ ತೂಕವನ್ನು ಇದ್ದಂತೆ ಹೇಳಬೇಕು. ಮುಖ ನೋಡಿ ಮಣೆ ಹಾಕುವುದು ನನಗೆ ಇಂದಿಗೂ ಬಾರದು.

ಸರ್ಕಾರದವರು ನನ್ನನ್ನು ಬಳ್ಳಾರಿ ಸೀಮೆಯ ಒಂದು ಸಣ್ಣ ಊರಿಗೆ ಕಳಿಸಿದರು. ಊರ ಪಕ್ಕದ ಹಳ್ಳದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿಗಳಿದ್ದವು. ಒಡೆದ ಚಿಪ್ಪು, ಕರಿಬೂದಿ ಹಳ್ಳದ ತುಂಬ ಗುಡ್ಡೆಯಾಗಿತ್ತು. ಗಾಳಿ ಎದ್ದರೆ ಆ ಬೂದಿ ಬಂದು ಅನ್ನದ ತಟ್ಟೆಯಲ್ಲೇ ಕೂರುತ್ತಿತ್ತು.

ಅಲ್ಲಿನ ನರ್ಸು ಎಸ್ತರ್ ಸಿಸ್ಟರ್ ನನ್ನ ಯಜಮಾನಿ. ತಿಂಗಳಿಗೊಮ್ಮೆ ಅಂಗನವಾಡಿಯ ಜಂತಿಗೆ ನನ್ನನ್ನು ಕಟ್ಟಿ, ಬಟ್ಟೆಯ ಜೋಲಿಯಲ್ಲಿ ಕೂಸುಗಳನ್ನು ತೂಗುತ್ತಿದ್ದರು. ಕೂಸುಗಳು ಕಿರುಚುತ್ತಿದ್ದವು, ಉಚ್ಚೆ ಹೊಯ್ಯುತ್ತಿದ್ದವು, ಕಾಲು ಝಾಡಿಸಿ ನನ್ನನ್ನು ಅಲುಗಾಡಿಸುತ್ತಿದ್ದವು. ನನಗದು ಇಷ್ಟವೇ. ಆದರೆ ಆ ಊರಲ್ಲಿ ಸುಮ್ಮನೆ ಜೋತುಬೀಳುವ ಕೂಸುಗಳೇ ಹೆಚ್ಚು. ತೂಕ ತೀರಾ ಇಳಿದರೆ ಕೂಸಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತಿತ್ತು, ಮಕ್ಕಳ ಡಾಕ್ಟರು ನೋಡುತ್ತಿದ್ದರು. ಇಳಿಯದಿದ್ದರೆ ಟಾನಿಕ್ಕು ಕೊಟ್ಟು ಮನೆಗೆ ಕಳಿಸುವುದು. ಎಲ್ಲ ನನ್ನ ಮುಳ್ಳಿನ ಮೇಲೆ.

ಮಾರೆಕ್ಕ ತನ್ನ ಚೊಚ್ಚಲ ಮಗ ಹೊನ್ನೂರನನ್ನು ತಂದಾಗ ಅವನ ಎರಡೂ ಕೈಯಲ್ಲಿ ಹೊಳೆಯುವ ಕಡಗಗಳಿದ್ದವು. ಸಿಸ್ಟರ್ ತೆಗೆಯಲು ಹೋದರು.

"ಬ್ಯಾಡ್ರೀ ಸಿಸ್ಟರ್, ಕೂಸಿಗೆ ದೃಷ್ಟಿ ಆಗ್ತೈತಿ. ನಮ್ಮನಿಯವ್ರು ತಮ್ಮ ಕೈಯಾರೆ ಮಾಡಿ ಹಾಕ್ಯಾರ್ರೀ."

ಅವಳ ಗಂಡ ತಿಪ್ಪೇಶ ಭಟ್ಟಿಯ ಆಳು. ಬೆಳ್ಳಿ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ತಗಡಿನವಿರಬೇಕು, ಹೂವಿನಷ್ಟು ಹಗುರ ಎಂದುಕೊಂಡ ಸಿಸ್ಟರ್, ತಾಯಿಯ ಮನಸ್ಸು ಯಾಕೆ ನೋಯಿಸಲಿ ಎಂದು ಸುಮ್ಮನಾದರು. ಹೊನ್ನೂರ ಜೋಲಿಯಲ್ಲಿ ಕೂತು ಒಂದು ಕಡಗವನ್ನು ಚೀಪತೊಡಗಿದ. ಬೊಚ್ಚು ಬಾಯಿಯ ನಗು, ಜೊಲ್ಲು. ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು.

ಮುಂದಿನ ತಿಂಗಳು ಅವನ ಹೊಟ್ಟೆ ಕಟ್ಟಿತ್ತು, ಮೊಲೆ ಬೇಡವೆನ್ನುತ್ತಿದ್ದ. ದೃಷ್ಟಿಯೇ ತಗುಲಿದೆ ಎಂದು ಅಪ್ಪ ಕಾಲಿಗೂ ಕಡಗ ಹಾಕಿದ್ದ. ಅದರ ಮುಂದಿನ ತಿಂಗಳು ಉಡಿದಾರದ ತುಂಬ ಗುಂಡು ಪೋಣಿಸಿದ್ದ. ಕೂಸಿನ ಕೆನ್ನೆ ಬತ್ತಿತು, ಕಣ್ಣು ಒಳಗೆ ಹೋಯಿತು. ನನ್ನ ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

"ಸೊರಗಿದಂಗೆ ಕಾಣ್ತಾನ. ಆದ್ರ ತೂಕ ಇಳಿದಿಲ್ಲಲ್ಲವ್ವಾ," ಎಂದು ಸಿಸ್ಟರ್ ನನ್ನ ಮುಖವನ್ನೇ ನೋಡುತ್ತ ನಿಂತರು. "ತೂಕ ಇಳೀದೆ ತಾಲ್ಲೂಕು ಆಸ್ಪತ್ರ್ಯಾಗ ಸೇರಿಸ್ಕೊಳ್ಳಂಗಿಲ್ಲ."

ಕೊಕ್ಕೆ ಕಳಚಿಕೊಂಡು ಬಿದ್ದಾದರೂ ಹೋಗಬೇಕಿತ್ತು ನಾನು. ಒಟ್ಟು ತೂಕವೊಂದೇ ನನಗೆ ಗೊತ್ತು. ಅದರಲ್ಲಿ ಕೂಸೆಷ್ಟು, ಕಡಗವೆಷ್ಟು ಎಂದು ಬಿಡಿಸಿ ಹೇಳುವ ಬಾಯಿ ನನಗಿಲ್ಲ.

ಸ್ವಲ್ಪ ದಿನಕ್ಕೆ ಹೊನ್ನೂರನಿಗೆ ಫಿಟ್ಸ್ ಬಂತು. ಜಿಲ್ಲಾ ಆಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರು ಕಡಗವನ್ನು ಕೈಯಲ್ಲಿ ಹಿಡಿದ ಕೂಡಲೇ ಸೀಸವೆಂದು ಗುರುತಿಸಿದರಂತೆ. ಅಷ್ಟರಲ್ಲಿ ಚೀಪಿದ ಸೀಸದ ವಿಷ ಮೈಗೇರಿ ಕಾಲ ಮೀರಿತ್ತು. ಕೂಸು ಉಳಿಯಲಿಲ್ಲ.

ಮುಂದಿನ ತೂಕದ ದಿನ ಮಾರೆಕ್ಕ ಕಂಕುಳಲ್ಲಿ ಕೂಸಿಲ್ಲದೆ ಬಂದಳು. ಸೆರಗಿನ ಗಂಟು ಬಿಚ್ಚಿ ಕಡಗ, ಗುಂಡು ಎಲ್ಲವನ್ನೂ ಜೋಲಿಗೆ ಸುರಿದಳು.

"ತೂಗ್ರೀ ಸಿಸ್ಟರ್. ನನ್ ಮಗ ಎಷ್ಟು ಕರಗಿದ್ದ ಅಂತ ನನಗೂ ಗೊತ್ತಾಗ್ಲಿ."

ನನ್ನ ಮುಳ್ಳು ಸರಿಯಿತು. ಸಿಸ್ಟರ್ ಅದನ್ನು ನೋಡಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ಮಾರೆಕ್ಕ ಅಳಲಿಲ್ಲ.

ಅಂದಿನಿಂದ ಸಿಸ್ಟರ್ ಮೇಲಿನವರ ಬೆನ್ನು ಬಿದ್ದರು. ಊರ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ಭಟ್ಟಿ ನಿಲ್ಲಿಸಿ ಎಂದು ಅಂಗಲಾಚಿದರು. ಆ ಪರೀಕ್ಷೆಗೆ ಇಲ್ಲಿ ಅನುಕೂಲವಿಲ್ಲ ಎಂದರು ಮೇಲಿನವರು. ಭಟ್ಟಿ ನಮ್ಮ ಇಲಾಖೆಗೆ ಬರುವುದಿಲ್ಲ ಎಂದರು. ಕೊನೆಗೆ, ತೂಕದಲ್ಲಿ ತಪ್ಪಾಗಿದೆಯಲ್ಲವೇ ಎಂದು ಹೊಸ ಡಿಜಿಟಲ್ ಯಂತ್ರ ಕಳಿಸಿಕೊಟ್ಟರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಮೂಲೆ ಸೇರಿದೆ. ಸಿಸ್ಟರಿಗೂ ಬೇರೆ ಊರಿಗೆ ವರ್ಗವಾಯಿತು.

ಹರಾಜಿನಲ್ಲಿ ಗುಜರಿಯವನು ನನ್ನನ್ನು ಕೊಂಡ. ಗುಜರಿಯಿಂದ ಭಟ್ಟಿಯ ಮಾಲೀಕ ಕೊಂಡ. ಈಗ ನಾನು ಭಟ್ಟಿಯ ಚಪ್ಪರದಲ್ಲಿ ನೇತಾಡುತ್ತೇನೆ. ಗಾಜು ಬಿರಿದಿದೆ, ಮುಖಕ್ಕೆ ಮಸಿ ಹತ್ತಿದೆ, ಆದರೆ ಸ್ಪ್ರಿಂಗು ಇನ್ನೂ ಗಟ್ಟಿ. ಸೀಸದ ಗಟ್ಟಿಗಳನ್ನು ನನಗೆ ತಗುಲಿಸುವವನು ತಿಪ್ಪೇಶನೇ. ಬೇರೆ ಕೆಲಸ ಆ ಊರಲ್ಲಿ ಯಾರಿಗಿದೆ? ಇಲ್ಲಿ ಮುಳ್ಳು ಎಷ್ಟು ಸರಿದರೆ ಮಾಲೀಕನಿಗೆ ಅಷ್ಟು ಸಂತೋಷ. ನಿಜ ಹೇಳುವುದೊಂದೇ ದೊಡ್ಡದು ಎಂದು ನಂಬಿದ್ದೆ. ಅಷ್ಟರಿಂದ ಒಂದು ಕೂಸೂ ಉಳಿಯುವುದಿಲ್ಲ.

ನಿನ್ನೆ ಮಾರೆಕ್ಕ ಬುತ್ತಿ ತಂದಿದ್ದಳು. ಮತ್ತೆ ಬಸುರಿ. ಒಳಗೆ ಕಾಲಿಡದೆ ಚಪ್ಪರದಾಚೆಯೇ ನಿಂತು ಕೇಳಿದಳು:

"ಇದನ್ನರ ಉಳಿಸ್ಕೊಳ್ಳಾಣ. ಈ ಊರು ಬಿಟ್ಟು ಎಲ್ಲಿಗರ ಹೋಗಾಣ ನಡೀ."

ತಿಪ್ಪೇಶ ಅವಳ ಹೊಟ್ಟೆಯ ಕಡೆ ನೋಡಿದ.

"ಎಷ್ಟಾತಲೇ?" ಎಂದು ಮಾಲೀಕ ಒಳಗಿನಿಂದ ಕೂಗಿದ.

ತಿಪ್ಪೇಶ ಇನ್ನೊಂದು ಗಟ್ಟಿ ಎತ್ತಿ ನನ್ನ ಕೊಕ್ಕೆಗೆ ಹಾಕಿ, ನಾನು ತೋರಿಸಿದ್ದನ್ನು ಗಟ್ಟಿಯಾಗಿ ಓದಿ ಹೇಳಿದ.