ತಂಗಿಯ ಒಂದು ಹೊತ್ತಿನ ಮಾತ್ರೆ

ರಂಜಾನಿನ ಮೊದಲ ದಿನ ತಾಮೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಳ್ಳಿಯಂತೆ ರೊಟ್ಟಿ ತಿಂದಳು. ಅಕ್ಕತಂಗಿಯರಿಬ್ಬರಿಗೂ ಮೂರ್ಛೆ ರೋಗವಿರುವುದು ಮೆಕ್ನೆಸ್ ಪಟ್ಟಣದ ಆ ಓಣಿಗೆಲ್ಲ ಗೊತ್ತು. ತಾಮೂಗೆ ದಿನಕ್ಕೆ ಮೂರು ಹೊತ್ತು ಮಾತ್ರೆ. ಉಪವಾಸ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ತಂಗಿ ಬತೂಲಳಿಗೆ ಈಗ ಬೇರೆ ಮಾತ್ರೆ, ಸಂಜೆ ಒಂದೇ ಒಂದು. ಹಾಗಾಗಿ ಅವಳ ಉಪವಾಸಕ್ಕೆ ಡಾಕ್ಟರೇ ಒಪ್ಪಿದ್ದರು.

ಸಂಜೆ ಇವರ ಜೊತೆ ಉಪವಾಸ ಬಿಡಲು ಬಂದ ಪಕ್ಕದ ಮನೆಯ ಹನಿಯಮ್ಮ ಹರೀರಾ ಸಾರಿನ ಬಟ್ಟಲು ಹಿಡಿದು ಕೂತಳು. "ನಮ್ಮ ಬತೂಲ್ ಮುಖದಲ್ಲಿ ಏನು ಕಳೆ ನೋಡು!" ಎಂದವಳು ತಾಮೂ ಕಡೆ ತಿರುಗಿದಳು. "ನೀನು ಬಿಡು ತಾಯಿ, ಹೊಟ್ಟೆತುಂಬಾ ತಿಂದಿರ್ತೀಯ. ಹಸಿವು ಅಂದ್ರೆ ನಿಂಗೇನು ಗೊತ್ತು?"

ತಾಮೂಗೆ ಹೊಟ್ಟೆ ಉರಿದುಹೋಯಿತು. ಸಾರು ಕುದಿಸಿದ್ದು ಅವಳು, ಖರ್ಜೂರ ಜೋಡಿಸಿದ್ದು ಅವಳು, ಹೊಗಳಿಕೆಯೆಲ್ಲ ತಂಗಿಗೆ. ಕಾಯಿಲೆಯಲ್ಲೂ ಒಳ್ಳೆಯ ಪಾಲು ಇವಳಿಗೇ ಬರಬೇಕೇ?

ಮರುದಿನದಿಂದ ಅವಳು ತನ್ನ ಮಾತ್ರೆಗಳನ್ನು ಬಿಟ್ಟು, ಸಂಜೆ ತಂಗಿಯ ಡಬ್ಬಿಯಿಂದ ಒಂದೊಂದು ಎಗರಿಸಿ ನುಂಗತೊಡಗಿದಳು. ಉಪವಾಸವನ್ನೂ ಹಿಡಿದಳು. ತನಗೂ ಮಾತ್ರೆ ಬದಲಾಯಿತೆಂದು ಹಸಿಹಸಿ ಸುಳ್ಳು ಹೇಳಿದಳು. ಹನಿಯಮ್ಮ ಮೊದಲ ಖರ್ಜೂರವನ್ನು ತಾಮೂ ಕೈಗೇ ಇಟ್ಟಾಗ ಆದ ಖುಷಿ ಅಷ್ಟಿಷ್ಟಲ್ಲ.

ಎಂಟನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ದೊಪ್ಪೆಂದು ಬಿದ್ದವಳು ಬತೂಲ್. ಎರಡು ವರ್ಷ ಸುಳಿಯದಿದ್ದ ಮೂರ್ಛೆ! ತಾಮೂ ಓಡಿಹೋಗಿ ಅವಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಶಾಲು ಇಟ್ಟು ಕಾದಳು. ಕೈಕಾಲಿನ ಸೆಳೆತ ನಿಂತು ತಂಗಿ ಕಣ್ಣು ಬಿಡುವಷ್ಟರಲ್ಲಿ ಅಕ್ಕನ ಜೀವ ಬಾಯಿಗೆ ಬಂದಿತ್ತು.

"ಮಾತ್ರೆ ತಗೊಂಡಿರ್ಲಿಲ್ವೇನೇ?"

"ಅರ್ಧರ್ಧ ತಗೋತಿದ್ದೆ ಅಕ್ಕಾ," ಬತೂಲ್ ತೊದಲಿದಳು. "ನೀನು ತೆಗೀತಿರೋದು ಎರಡನೇ ದಿನಾನೇ ಗೊತ್ತಾಯ್ತು. ಇಬ್ರಿಗೂ ತಿಂಗಳು ಪೂರ್ತಿ ಬರ್ಲಿ ಅಂತ... ಎಲ್ಲರ ಜೊತೆ ಕೂತು ನೀನು ನಗೋದು ನೋಡಿ ಎಷ್ಟು ವರ್ಷ ಆಗಿತ್ತು! ಹನಿಯಮ್ಮಂಗೆ ಹೇಳ್ಬೇಡ. ಬಿಸಿಲಿಗೆ ತಲೆ ಸುತ್ತಿತು ಅಂದ್ಬಿಡು."

ತಾಮೂಗೆ ಅಳು ಬರಬೇಕಿತ್ತು. ಬಂದದ್ದು ಅದೇ ಹಾಳು ಹೊಟ್ಟೆಕಿಚ್ಚು. ಉಪವಾಸದಲ್ಲಷ್ಟೇ ಅಲ್ಲ, ಪ್ರೀತಿಯಲ್ಲೂ ಇವಳೇ ಮುಂದೆ.

ಸದ್ದು ಕೇಳಿ ಹನಿಯಮ್ಮ ಬಾಗಿಲಿಗೆ ಬಂದಳು. "ಏನಾಯ್ತ್ರೇ?"

ಬಿಸಿಲಿನ ಸುಳ್ಳು ಹೇಳಲು ಬತೂಲ್ ಬಾಯಿ ತೆರೆದಳು. ಈ ಒಂದರಲ್ಲಾದರೂ ತಂಗಿಯನ್ನು ಗೆಲ್ಲಲು ಬಿಡಬಾರದೆಂದು ತಾಮೂ ಎದ್ದು ನಿಂತಳು.

"ನಾನು ಇವಳ ಮಾತ್ರೆ ಕದ್ದೆ, ಹನಿಯಮ್ಮ. ನಮ್ಮಿಬ್ಬರನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗು."